ಅದೇ ಅಡಿಕೆ, ಅದೇ ನೀರು: ಮಾರಿಕಣಿವೆ ಕಾಲುವೆ ಕೆಳಗೆ ಒಂದು ಲೆಕ್ಕ, ಬೋರ್ ಮೇಲೆ ಇನ್ನೊಂದು ಲೆಕ್ಕ

2022ರ ಸೆಪ್ಟೆಂಬರ್‌ನಲ್ಲಿ ಮಾರಿಕಣಿವೆ ಕೋಡಿ ಬಿದ್ದ ವಿಡಿಯೋ ನಿಮ್ಮ ಮೊಬೈಲ್‌ಗೂ ಬಂದಿರುತ್ತೆ. 1933ರಲ್ಲಿ ಕೋಡಿ ಬಿದ್ದ ಮೇಲೆ 89 ವರ್ಷ ಕಾದು ಜನ ನೋಡಿದ ನೀರು ಅದು. 2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ ಬಿತ್ತು. ಕಣಿವೆ ಮಾರಮ್ಮನಿಗೆ ಕೈಮುಗಿದು, ಸೆಲ್ಫಿ ತೆಗೆದುಕೊಂಡು ಊರಿಗೆ ವಾಪಸ್ ಬಂದ ಹುಡುಗರಲ್ಲಿ ಎಷ್ಟೋ ಜನ ಅಡಿಕೆ ಸಸಿಗೆ ಅಡ್ವಾನ್ಸ್ ಕೊಟ್ಟರು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸುತ್ತ ಶೇಂಗಾ, ರಾಗಿ, ಈರುಳ್ಳಿ ಬೆಳೀತಿದ್ದ ಹೊಲಗಳಲ್ಲಿ ಈಗ ಸಸಿ ಸಾಲು ಕಾಣುತ್ತೆ.

ಡ್ಯಾಮ್ ತುಂಬಿದೆ, ನಿಜ. ಆದ್ರೆ ಆ ನೀರು ನಿಮ್ಮ ಹೊಲಕ್ಕೆ ತಾನಾಗಿ ಹರಿದು ಬರುತ್ತಾ, ಇಲ್ಲ ನೀವು ಎತ್ತಬೇಕಾ? ಎತ್ತೋದಾದ್ರೆ ಎಷ್ಟು ಅಡಿಯಿಂದ? ಸಸಿ ನೆಡೋಕೆ ಮುಂಚೆ ಹಾಕಬೇಕಾದ ಲೆಕ್ಕ ಇದು. ಕೃಷಿಯಲ್ಲಿ ಶಕ್ತಿ ಖರ್ಚು ಅಂದ ತಕ್ಷಣ ನಾವು ಕರೆಂಟ್ ಬಿಲ್ ನೆನಪು ಮಾಡ್ಕೊಳ್ತೀವಿ. 10 ಎಚ್‌ಪಿ ವರೆಗೆ ಬಿಲ್ಲೇ ಇಲ್ಲದ ನಮ್ಮ ರಾಜ್ಯದಲ್ಲಿ ಆ ಲೆಕ್ಕ ಯಾರ ಕಣ್ಣಿಗೂ ಬೀಳಲ್ಲ. ಅದಕ್ಕೇ ಈ ವಾರ ಬಿಲ್ ಪಕ್ಕಕ್ಕಿಟ್ಟು ಯೂನಿಟ್ ಎಣಿಸೋಣ.

ಇಳಿಜಾರೇ ಎಂಜಿನ್

ಮಾರಿಕಣಿವೆ ಕಟ್ಟೆ ಕೆಲಸ ಶುರುವಾಗಿದ್ದು 1898ರಲ್ಲಿ, ಮುಗಿದಿದ್ದು 1907ರಲ್ಲಿ. ಆಗ ಮೈಸೂರು ಸಂಸ್ಥಾನದಲ್ಲಿ ರೀಜೆಂಟ್ ಆಗಿದ್ದವರು ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿ. ಅದಕ್ಕೇ ವಾಣಿವಿಲಾಸ ಸಾಗರ ಅನ್ನೋ ಹೆಸರು. ಅದೇ ಕಾಲದಲ್ಲಿ, 1902ರಲ್ಲಿ, ಶಿವನಸಮುದ್ರದಲ್ಲಿ ಕರೆಂಟ್ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಯ್ತು. ಸಂಸ್ಥಾನ ಒಂದೇ, ಹತ್ತು ವರ್ಷದ ಒಳಗೆ ಎರಡು ನೀರಿನ ಕೆಲಸ: ಒಂದು ನೀರಿನಿಂದ ಕರೆಂಟ್ ತೆಗೀತು, ಇನ್ನೊಂದು ಕರೆಂಟೇ ಬೇಡದ ಹಾಗೆ ನೀರು ಕೊಟ್ಟಿತು.

ಎರಡು ಗುಡ್ಡದ ನಡುವೆ ವೇದಾವತಿಗೆ ಅಡ್ಡ ಕಲ್ಲುಕಟ್ಟೆ ಕಟ್ಟಿ, ಎಡ ಬಲ ಕಾಲುವೆ ತೆಗೆದರು. ಸುಮಾರು 30 ಸಾವಿರ ಎಕರೆ ಅಚ್ಚುಕಟ್ಟು. ಮೋಟರ್ ಇಲ್ಲ, ಸ್ಟಾರ್ಟರ್ ಇಲ್ಲ. ಕಾಲುವೆ ಕೆಳಗಿನ ರೈತನಿಗೆ ತೂಬು ಎತ್ತಿದ್ರೆ ನೀರು. ಇಂಧನದ ಲೆಕ್ಕದಲ್ಲಿ ಅವನ ಖರ್ಚು ಸೊನ್ನೆ. ಹಾಗಂತ ಅವನಿಗೆ ಕಷ್ಟವೇ ಇಲ್ಲ ಅಂತಲ್ಲ. ಡ್ಯಾಮಿನಲ್ಲಿ ನೀರಿಲ್ಲದ ವರ್ಷಗಳಲ್ಲಿ ಅಚ್ಚುಕಟ್ಟಿನ ತೆಂಗಿನ ತೋಟಗಳು ಒಣಗಿದ್ದನ್ನ ಹಿರಿಯೂರಿನವರು ಮರೆತಿಲ್ಲ. ಆಗ ಅಲ್ಲೂ ಬೋರ್ ಲಾರಿ ಓಡಾಡಿತ್ತು.

ಹೊಸದುರ್ಗದ ಕಡೆಯವರ ಪಾಡು ಬೇರೆ. ಡ್ಯಾಮಿನ ಹಿನ್ನೀರು ಅವರ ತಾಲ್ಲೂಕಿನೊಳಗೆ ಬರುತ್ತೆ. ನೀರು ಕಣ್ಣೆದುರಿಗೇ ಇದೆ, ಆದ್ರೆ ಹೊಲಕ್ಕಿಂತ ಕೆಳಗಿದೆ. ನೀರು ಕೆಳಗೆ ಹರಿಯುತ್ತೆ, ಮೇಲಕ್ಕೆ ಹತ್ತಲ್ಲ. ಮೇಲಕ್ಕೆ ಹತ್ತಿಸಬೇಕು ಅಂದ್ರೆ ಯೂನಿಟ್ ಬೇಕು. ಒಂದೇ ಕೆರೆಯ ನೀರಿಗೆ ಹಿರಿಯೂರಿನವನು ಏನೂ ಸುಡಲ್ಲ, ಹೊಸದುರ್ಗದವನು ಕರೆಂಟ್ ಸುಡಬೇಕು.

ಇನ್ನೊಂದು ವಿಷಯ. ಈಗ ಮಾರಿಕಣಿವೆಗೆ ಬರ್ತಿರೋ ನೀರಿನಲ್ಲಿ ಒಂದು ಪಾಲು ತಾನಾಗಿ ಹರಿದು ಬಂದಿದ್ದಲ್ಲ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರಾ ಜಲಾಶಯದ ನೀರನ್ನ ತರೀಕೆರೆ ಕಡೆಯ ಪಂಪ್‌ಹೌಸ್‌ಗಳಲ್ಲಿ ಎತ್ತಿ, ಅಜ್ಜಂಪುರದ ಸುರಂಗ ದಾಟಿಸಿ ಈ ಕಡೆ ಬಿಡ್ತಾರೆ. ಮಾರಿಕಣಿವೆಗೆ ಹಂಚಿಕೆ ಆಗಿರೋದು 2 ಟಿಎಂಸಿ. ಒಂದು ಟಿಎಂಸಿ ನೀರನ್ನ ಬರೀ ಒಂದು ಮೀಟರ್ ಎತ್ತೋಕೆ, ಒಳ್ಳೆ ಪಂಪ್ ಇದ್ರೂ, ಹತ್ತಿರ ಹತ್ತಿರ ಒಂದು ಲಕ್ಷ ಯೂನಿಟ್ ಬೇಕು. ಎಷ್ಟು ಮೀಟರ್ ಎತ್ತರವೋ ಅಷ್ಟು ಲಕ್ಷ, ಟಿಎಂಸಿ ಲೆಕ್ಕದಲ್ಲಿ. 1907ರಲ್ಲಿ ಕರೆಂಟಿನ ಹಂಗಿಲ್ಲದೆ ಕಟ್ಟಿದ ಡ್ಯಾಮ್ ಈಗ ಒಂದಷ್ಟು ಮಟ್ಟಿಗೆ ಕರೆಂಟ್ ಮೇಲೆ ನಿಂತಿದೆ. ಇದು ತಪ್ಪು ಅಂತ ನಾನು ಹೇಳಲ್ಲ, ಬರದ ನಾಡಿಗೆ ನೀರು ಬೇಕು. ಆದ್ರೆ ಎತ್ತಿ ತಂದ ನೀರನ್ನ ಕಾಲುವೆಯಲ್ಲಿ ಹಾಯಿಸಿ, ಹೊಲದ ಬದು ದಾಟಿ ಹಳ್ಳಕ್ಕೆ ಬಿಡೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಒಂದು ಎಕರೆ ಅಡಿಕೆ, ನಾಲ್ಕು ಊರು

ಲೆಕ್ಕಕ್ಕೆ ಒಂದು ಎಕರೆ ಫಸಲಿಗೆ ಬಂದ ಅಡಿಕೆ ತೋಟ ಇಟ್ಕೊಳ್ಳಿ. ಸುಮಾರು 550 ಗಿಡ. ಬೇಸಿಗೆಯಲ್ಲಿ ಡ್ರಿಪ್‌ನಲ್ಲಿ ಗಿಡಕ್ಕೆ ದಿನಕ್ಕೆ 18 ಲೀಟರ್ ಅಂದ್ರೆ ಎಕರೆಗೆ 10 ಸಾವಿರ ಲೀಟರ್. ಕಾಲುವೆ ಅಚ್ಚುಕಟ್ಟಿನಲ್ಲಿ ಇದಕ್ಕೆ ಕರೆಂಟ್ ಸೊನ್ನೆ ಅಂತ ಆಗಲೇ ನೋಡಿದ್ವಿ.

ಈಗ ಘಟ್ಟ ಇಳಿದು ಕಾಸರಗೋಡು, ಪುತ್ತೂರು ಕಡೆ ಹೋಗಿ. ಅಲ್ಲಿ ಕೆಂಪು ಮುರಕಲ್ಲಿನ ಗುಡ್ಡಕ್ಕೆ ಪಿಕಾಸಿಯಲ್ಲಿ ಅಡ್ಡಡ್ಡ ಸುರಂಗ ಕೊರೆದಿರ್ತಾರೆ. ಆಳು ಬಗ್ಗಿ ನಡೆಯುವಷ್ಟು ಜಾಗ. ಗುಡ್ಡದೊಳಗಿನ ಒರತೆ ಜಿನುಗಿ ಸುರಂಗದ ಬಾಯಿಗೆ ಬರುತ್ತೆ, ಅಲ್ಲಿಂದ ತೊಟ್ಟಿಗೆ, ತೊಟ್ಟಿಯಿಂದ ತೋಟಕ್ಕೆ. ಎಲ್ಲ ಇಳಿಜಾರೇ. ನಮ್ಮ ಬೋರ್ ನೆಟ್ಟಗೆ ಕೆಳಕ್ಕೆ ಹೋಗುತ್ತೆ, ಅವರ ಸುರಂಗ ಅಡ್ಡಕ್ಕೆ ಹೋಗುತ್ತೆ, ಅಷ್ಟೇ ವ್ಯತ್ಯಾಸ. ಆದ್ರೆ ಆ ವ್ಯತ್ಯಾಸದಿಂದ ಅವರಿಗೆ ಮೋಟರೇ ಬೇಕಾಗಿಲ್ಲ. ಸುರಂಗ ಇಲ್ಲದವರಿಗೆ ತೆರೆದ ಬಾವಿ ಇದೆ. ಬಾವಿ ಆಳ, ಗುಡ್ಡದ ತೋಟದ ಎತ್ತರ ಎಲ್ಲ ಸೇರಿ 30 ಮೀಟರ್ ಎತ್ತಿದ್ರೂ 10 ಸಾವಿರ ಲೀಟರ್‌ಗೆ ಎರಡು ಯೂನಿಟ್ ಆಸುಪಾಸು.

ಈಗ ನಮ್ಮ ಊರಿಗೆ ಬನ್ನಿ. ನೀರು 500 ಅಡಿ, ಅಂದ್ರೆ 150 ಮೀಟರ್ ಆಳದಲ್ಲಿ ನಿಂತಿದೆ. ಸಾವಿರ ಲೀಟರ್ ನೀರನ್ನ ಒಂದು ಮೀಟರ್ ಎತ್ತೋಕೆ 2.7 ವ್ಯಾಟ್ ಅವರ್ ಸಾಕು ಅಂತ ಭೌತಶಾಸ್ತ್ರ ಹೇಳುತ್ತೆ. ಆದ್ರೆ ಮೋಟರ್, ಪಂಪ್, ಪೈಪ್ ಎಲ್ಲ ತಿಂದು ಉಳಿಸೋದು 100ಕ್ಕೆ 40 ಅಂತ ಇಟ್ಕೊಳ್ಳಿ. ಆಗ ಸಾವಿರ ಲೀಟರ್‌ಗೆ ಒಂದು ಯೂನಿಟ್, ಎಕರೆಗೆ ದಿನಕ್ಕೆ 10 ಯೂನಿಟ್. ನೀರು ಸಾವಿರ ಅಡಿಗೆ ಇಳಿದ್ರೆ ಅದೇ ತೋಟಕ್ಕೆ 20 ಯೂನಿಟ್.

ಬೇಸಿಗೆ 150 ದಿನಕ್ಕೆ ಗುಣಿಸಿ. ಪುತ್ತೂರಿನ ಬಾವಿಗೆ 300 ಯೂನಿಟ್, ಹಿರಿಯೂರಿನ 500 ಅಡಿಗೆ 1,500, ಸಾವಿರ ಅಡಿಗೆ 3,000. ಯೂನಿಟ್‌ಗೆ 7 ರೂಪಾಯಿ ಅಂತ ಹಿಡಿದ್ರೂ ಸಾವಿರ ಅಡಿ ಬೋರಿನ ಒಂದು ಎಕರೆ ಅಡಿಕೆಗೆ ವರ್ಷಕ್ಕೆ 21 ಸಾವಿರ ರೂಪಾಯಿ ಕರೆಂಟ್. ಅದನ್ನ ಸರ್ಕಾರ ಬೆಸ್ಕಾಂಗೆ ಕಟ್ಟುತ್ತೆ, ನಮಗೆ ಗೊತ್ತಾಗಲ್ಲ.

21 ಸಾವಿರ ಅಂದಾಗ ಒಂದು ವಿಷಯ ನೆನಪಾಯ್ತು. ನಮ್ಮ ಪಕ್ಕದ ಪಾವಗಡದಲ್ಲಿ ತಿರುಮಣಿ, ವಳ್ಳೂರು, ಬಲಸಮುದ್ರ ಸುತ್ತ ಸುಮಾರು 13 ಸಾವಿರ ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ, 2,050 ಮೆಗಾವ್ಯಾಟ್. ಅಲ್ಲಿ ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ ಸಿಕ್ಕ ಬಾಡಿಗೆ 21 ಸಾವಿರ, ಎರಡು ವರ್ಷಕ್ಕೊಮ್ಮೆ 100ಕ್ಕೆ 5ರಷ್ಟು ಏರಿಕೆ. ಅಂದ್ರೆ ಒಂದೇ ಥರದ ಒಣ ಭೂಮಿಯಲ್ಲಿ, ಒಬ್ಬ ತನ್ನ ಎಕರೆ ಮೇಲೆ ಬಿದ್ದ ಬಿಸಿಲಿಗೆ ಬಾಡಿಗೆ ತಗೊಳ್ತಾನೆ. ಇನ್ನೊಬ್ಬ ಅಷ್ಟೇ ದುಡ್ಡಿನ ಕರೆಂಟನ್ನ ಪಾತಾಳದಿಂದ ನೀರು ಎತ್ತೋಕೆ ಸುರೀತಾನೆ. ಬಾಡಿಗೆ ಕೊಟ್ಟವರೆಲ್ಲ ಸುಖವಾಗಿದ್ದಾರೆ ಅಂತ ನಾನು ಹೇಳ್ತಿಲ್ಲ. ಸ್ವಂತ ಜಮೀನು ಇಲ್ಲದ ಕೂಲಿಯವರಿಗೆ, ಕುರಿ ಮೇಯಿಸೋರಿಗೆ ಆ ಬಾಡಿಗೆಯಲ್ಲಿ ಪಾಲಿಲ್ಲ. ಮೇಯೋ ಬಯಲು ಮಾತ್ರ ಬೇಲಿಯೊಳಗೆ ಹೋಯ್ತು.

ನಿಮ್ಮ ಬೋರ್ ಎಷ್ಟು ಅಡಿ ಅಂತ ಕೇಳಬೇಡಿ

ನಮ್ಮಲ್ಲಿ ಬೋರ್ ಬಗ್ಗೆ ಮಾತು ಬಂದ್ರೆ "ಎಂಟ್ನೂರು ಅಡಿ ಹೊಡ್ಸಿದೀನಿ ಕಣಣ್ಣ, ಎರಡಿಂಚು ನೀರೈತೆ" ಅಂತಾರೆ. ಇದರಲ್ಲಿ ಕರೆಂಟ್ ಲೆಕ್ಕಕ್ಕೆ ಬೇಕಾದ ಒಂದು ಸಂಖ್ಯೆಯೂ ಇಲ್ಲ. ಕೊರೆದ ಆಳ ಮುಖ್ಯ ಅಲ್ಲ, ಮೋಟರ್ ಓಡ್ತಿರುವಾಗ ನೀರು ಎಷ್ಟು ಅಡಿಯಲ್ಲಿ ನಿಲ್ಲುತ್ತೆ ಅನ್ನೋದು ಮುಖ್ಯ. ಮಳೆಗಾಲ ಮುಗಿದಾಗ 300 ಅಡಿಯಲ್ಲಿದ್ದ ನೀರು ಏಪ್ರಿಲ್‌ನಲ್ಲಿ 600ಕ್ಕೆ ಹೋಗಿರಬಹುದು. ಎರಡು ಕಾಲದಲ್ಲೂ ಮೋಟರ್ ಅದೇ, ಓಡೋ ಗಂಟೆ ಅದೇ, ಸಿಗೋ ನೀರು ಮಾತ್ರ ಕಮ್ಮಿ.

ಇಂಚಿನ ಲೆಕ್ಕವನ್ನೂ ಬಿಡಿ. 200 ಲೀಟರ್ ಡ್ರಮ್ ತಗೊಳ್ಳಿ, ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಾಕಿ. ಮೋಟರ್ ಆನ್ ಮಾಡಿದ ತಕ್ಷಣ ಅಲ್ಲ, ಅರ್ಧ ಗಂಟೆ ಓಡಿದ ಮೇಲೆ ಹಿಡೀರಿ. 100 ಸೆಕೆಂಡಿಗೆ ತುಂಬಿದ್ರೆ ಸೆಕೆಂಡಿಗೆ ಎರಡು ಲೀಟರ್, ಗಂಟೆಗೆ 7,200 ಲೀಟರ್. ಇನ್ನು ಕರೆಂಟ್. ಎಲೆಕ್ಟ್ರಿಷಿಯನ್ ಹತ್ತಿರ ಕ್ಲ್ಯಾಂಪ್ ಮೀಟರ್ ಇರುತ್ತೆ, ವೈರ್ ಸುತ್ತ ಹಿಡಿದ್ರೆ ಆಂಪ್ಸ್ ತೋರಿಸುತ್ತೆ. ಪ್ಯಾನಲ್ ಬೋರ್ಡ್‌ನಲ್ಲಿ ವೋಲ್ಟೇಜ್ ನೋಡಿ. 400 ವೋಲ್ಟ್, 14 ಆಂಪ್ಸ್ ಇದ್ರೆ 1.73 ಗುಣಿಸು 400 ಗುಣಿಸು 14, ಅದನ್ನ 0.8ರಿಂದ ಗುಣಿಸಿ ಸಾವಿರದಿಂದ ಭಾಗಿಸಿ. 7.7 ಬರುತ್ತೆ. ಗಂಟೆಗೆ 7.7 ಯೂನಿಟ್ ಸುಟ್ಟು 7,200 ಲೀಟರ್ ತೆಗೀತಿದೀರ ಅಂತ ಅರ್ಥ. ಸಾವಿರ ಲೀಟರ್‌ಗೆ ಒಂದು ಯೂನಿಟ್ ಮೇಲೆ ಸ್ವಲ್ಪ. 150 ಮೀಟರ್ ಆಳಕ್ಕೆ ಇದು ಪರವಾಗಿಲ್ಲ. ಅದೇ ಆಳಕ್ಕೆ ಎರಡು ಯೂನಿಟ್ ಬಂದ್ರೆ ಪಂಪಿನ ಇಂಪೆಲ್ಲರ್ ಸವೆದಿದೆ, ಇಲ್ಲ ಪೈಪ್ ಎಲ್ಲೋ ಸೋರ್ತಿದೆ, ಇಲ್ಲ ಅಂಗಡಿಯವನು ಆಳಕ್ಕೆ ಹೊಂದದ ಪಂಪ್ ಕೊಟ್ಟಿದಾನೆ. ಹೊಸ ಬೋರ್ ಹೊಡೆಸೋಕೆ ಪಾಯಿಂಟ್ ಮಾಡಿಸೋ ಮುಂಚೆ ಇದನ್ನೊಂದು ನೋಡಿ. ಬೋರ್ ಬತ್ತಿದೆ ಅಂದುಕೊಂಡಿದ್ದು ಎಷ್ಟೋ ಸಲ ಪಂಪ್ ಸವೆದಿದ್ದಾಗಿರುತ್ತೆ.

ಏಳು ಗಂಟೆ ತ್ರೀಫೇಸ್ ಅನ್ನೋ ಮಿತಿಯೂ ಇದೆ. 7.5 ಎಚ್‌ಪಿ ಮೋಟರ್, ನೀರು 500 ಅಡಿಯಲ್ಲಿ: ಏಳು ಗಂಟೆಗೆ ಅಂದಾಜು 48 ಸಾವಿರ ಲೀಟರ್. ಮೇಲಿನ ಲೆಕ್ಕದಲ್ಲಿ ಐದು ಎಕರೆ ಅಡಿಕೆಗೆ ಹತ್ತಿರ. ನೀರು ಸಾವಿರ ಅಡಿಗೆ ಇಳಿದು, ನೀವು 10 ಎಚ್‌ಪಿ ಇಳಿಸಿದ್ರೂ ಅದೇ ಏಳು ಗಂಟೆಗೆ ಸಿಗೋದು 32 ಸಾವಿರ ಲೀಟರ್, ಮೂರು ಎಕರೆಗೆ. ಉಳಿದ ಎರಡು ಎಕರೆಗೆ? 12.5 ಎಚ್‌ಪಿ ಹಾಕ್ತೀನಿ ಅಂದ್ರೆ ಉಚಿತ ಕರೆಂಟಿನ ಗಡಿ ದಾಟಿದ್ರಿ, ಮೀಟರ್ ಓಡೋಕೆ ಶುರುವಾಗುತ್ತೆ. ಐದು ವರ್ಷ ಸಾಕಿ, ಫಸಲು ಬರೋ ಹೊತ್ತಿಗೆ ಈ ಗಡಿಗೆ ಬಂದು ನಿಂತ ತೋಟಗಳು ಬಯಲುಸೀಮೆಯಲ್ಲಿ ಇವೆ. ಟ್ಯಾಂಕರ್‌ನಲ್ಲಿ ನೀರು ಹೊಡೆಸಿ ಉಳಿಸಿಕೊಂಡವರಿದ್ದಾರೆ, ಆಗ ಡೀಸೆಲ್ ಲೆಕ್ಕವೂ ಸೇರ್ಕೊಳ್ಳುತ್ತೆ. ಕಾಲುವೆಯೂ ಇಲ್ಲದ, ಹತ್ತಿರದಲ್ಲಿ ತುಂಬೋ ಕೆರೆಯೂ ಇಲ್ಲದ ಕಡೆ ಹೊಸದಾಗಿ ಅಡಿಕೆ ಹಾಕೋದು ಜೂಜು ಅಂತಲೇ ನನ್ನ ಅಭಿಪ್ರಾಯ. ಹೊಸದುರ್ಗ, ಹಿರಿಯೂರು ಕಡೆ ಬೆಳೆಯೋ ದಾಳಿಂಬೆ ಇಷ್ಟು ನೀರು ಕೇಳಲ್ಲ, ಬಹಾರ್‌ಗೆ ಬಿಡುವಾಗ ನೀರು ನಿಲ್ಲಿಸಲೂಬೇಕು. ಅದರ ಔಷಧಿ ಖರ್ಚು, ದುಂಡಾಣು ಅಂಗಮಾರಿ ರೋಗದ ಕಥೆ ಬೇರೆ, ಅದಕ್ಕೆ ಇನ್ನೊಂದು ವಾರ.

ತಲೆ ಮೇಲೆ ಗಾಳಿಯಂತ್ರ, ಕೆಳಗೆ ಸುಟ್ಟ ಟಿಸಿ

ಜೋಗಿಮಟ್ಟಿಯಿಂದ ಹಿಡಿದು ಹಿರಿಯೂರು, ಹೊಳಲ್ಕೆರೆ ಗುಡ್ಡಗಳ ತನಕ ಗಾಳಿಯಂತ್ರ ತಿರುಗೋದು ಕಾಣುತ್ತೆ. "ನಮ್ಮ ಗುಡ್ಡದ ಗಾಳಿ, ನಮಗೇ ಕರೆಂಟಿಲ್ಲ" ಅನ್ನೋ ಮಾತು ಪ್ರತಿ ಊರಿನ ಕಟ್ಟೆ ಮೇಲೂ ಕೇಳಿದೀನಿ. ಆ ಸಿಟ್ಟು ನ್ಯಾಯದ್ದೇ, ಆದ್ರೆ ಕಾರಣ ಬೇರೆ ಇದೆ. ಗಾಳಿಯಂತ್ರದ ಕರೆಂಟ್ ದೊಡ್ಡ ಲೈನ್‌ಗೆ ಹೋಗಿ ಇಡೀ ರಾಜ್ಯದ ಕರೆಂಟಿನ ಜೊತೆ ಸೇರುತ್ತೆ. ನಿಮ್ಮ ತೋಟಕ್ಕೆ ಬರೋದು ಸಬ್‌ಸ್ಟೇಷನ್‌ನಿಂದ ಹೊರಟ 11 ಕೆವಿ ಫೀಡರ್, ಅದರ ಕೊನೆಯಲ್ಲಿರೋ ಟಿಸಿ. ಇನ್ನೂ ಮುಖ್ಯವಾದದ್ದು ಕಾಲ. ನಮ್ಮ ಗುಡ್ಡದಲ್ಲಿ ಗಾಳಿ ಜೋರಾಗಿ ಬೀಸೋದು ಜೂನ್‌ನಿಂದ ಸೆಪ್ಟೆಂಬರ್. ನಮಗೆ ಮೋಟರ್ ಓಡಬೇಕಾದ್ದು ಫೆಬ್ರವರಿಯಿಂದ ಮೇ. ಗಾಳಿ ಇದ್ದಾಗ ನೀರು ಬೇಡ, ನೀರು ಬೇಕಾದಾಗ ಗಾಳಿ ಇಲ್ಲ. ಬಿಸಿಲು ಮಾತ್ರ ನಮ್ಮ ಬಾಯಾರಿಕೆ ಜೊತೆಗೇ ಬರುತ್ತೆ. ಸೋಲಾರ್ ಹೆಚ್ಚಾದ ಮೇಲೆ ಹಲವು ಫೀಡರ್‌ಗೆ ಹಗಲು ಹೊತ್ತೇ ತ್ರೀಫೇಸ್ ಕೊಡೋಕೆ ಆಗಿರೋದು ಇದರಿಂದಲೇ. ರಾತ್ರಿ ಎರಡು ಗಂಟೆಗೆ ಬ್ಯಾಟರಿ ಹಿಡಿದು, ಹಾವು ಚೇಳಿನ ಭಯದಲ್ಲಿ ನೀರು ಕಟ್ಟೋಕೆ ಹೋಗಿದ್ದ ನಮ್ಮ ಅಪ್ಪಂದಿರನ್ನ ಕೇಳಿ, ಹಗಲು ಕರೆಂಟ್ ಅಂದ್ರೆ ಏನು ಅಂತ.

ಟಿಸಿ ಸುಡೋದಕ್ಕೆ ಮಾತ್ರ ನಮ್ಮ ಪಾಲೂ ಇದೆ. 7.5 ಎಚ್‌ಪಿ ಮೋಟರ್ ಒಂದೊಂದಕ್ಕೆ ಎಂಟೂವರೆ, ಒಂಬತ್ತು ಕೆವಿಎ ಬೇಕು. 63 ಕೆವಿಎ ಟಿಸಿ ಏಳು ಮೋಟರ್‌ಗೆ ಸಾಕು. ಲೆಕ್ಕದ ಪುಸ್ತಕದಲ್ಲಿ ಏಳು ಇರುತ್ತೆ, ಕಂಬ ನೋಡಿದ್ರೆ ಹನ್ನೆರಡು. ಎಲ್ಲರೂ ಆಟೋ ಸ್ಟಾರ್ಟರ್ ಹಾಕಿರ್ತಾರೆ. ಕರೆಂಟ್ ಬಂದ ಸೆಕೆಂಡಿಗೆ ಹನ್ನೆರಡೂ ಒಟ್ಟಿಗೆ ಎದ್ದು ನಿಲ್ತವೆ, ವೋಲ್ಟೇಜ್ 320ಕ್ಕೆ ಬೀಳುತ್ತೆ, ಮೋಟರ್ ಇನ್ನಷ್ಟು ಆಂಪ್ಸ್ ಎಳೆಯುತ್ತೆ, ಕಾಯಿಲ್ ಬಿಸಿಯಾಗುತ್ತೆ. ಆಮೇಲೆ ಮೋಟರ್ ಎತ್ತೋ ಗಾಡಿ ಬಾಡಿಗೆ, ರಿವೈಂಡಿಂಗ್ ಬಿಲ್. ಉಚಿತ ಕರೆಂಟಿನ ನಿಜವಾದ ಬಿಲ್ ಬರೋದು ರಿವೈಂಡಿಂಗ್ ಅಂಗಡಿಯಲ್ಲಿ. ಒಂದು ಟಿಸಿಯ ರೈತರು ವಾಟ್ಸಾಪ್ ಗ್ರೂಪ್ ಮಾಡ್ಕೊಂಡು, ಆಟೋ ಸ್ಟಾರ್ಟರ್‌ನಲ್ಲಿ ಒಬ್ಬೊಬ್ಬರು ಎರಡೆರಡು ನಿಮಿಷ ತಡ ಇಟ್ಕೊಂಡ್ರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ. ಮೋಟರ್‌ಗೆ ತಕ್ಕ ಕೆಪಾಸಿಟರ್ ಹಾಕಿಸಿ, ಅದು ದೊಡ್ಡ ಖರ್ಚಲ್ಲ. ಟಿಸಿ ಸುಟ್ರೆ 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರ್ಕೊಳ್ಳಿ. ಹಳ್ಳಿಗೆ 72 ಗಂಟೆಯೊಳಗೆ ಬದಲಾಯಿಸಬೇಕು ಅಂತ ವಿದ್ಯುತ್ ನಿಯಂತ್ರಣ ಆಯೋಗದ ನಿಯಮ ಇದೆ. ನಂಬರ್ ಇಲ್ಲದಿದ್ರೆ ಗಂಟೆ ಎಣಿಸೋಕೆ ಶುರುವೇ ಆಗಲ್ಲ.

ಬೇರೆ ರಾಜ್ಯದವರು ಇದನ್ನ ಬೇರೆ ಬೇರೆ ರೀತಿ ಮಾಡಿದಾರೆ. ಗುಜರಾತ್‌ನಲ್ಲಿ ಜ್ಯೋತಿಗ್ರಾಮ ಅಂತ ಮನೆ ಲೈನ್, ತೋಟದ ಲೈನ್ ಬೇರ್ಪಡಿಸಿದ್ರು. ನಮ್ಮ ನಿರಂತರ ಜ್ಯೋತಿಯೂ ಅದೇ ಹಾದಿ. ಪಶ್ಚಿಮ ಬಂಗಾಳದಲ್ಲಿ ಪಂಪ್‌ಸೆಟ್‌ಗೆ ಮೀಟರ್ ಹಾಕಿ, ಹೊತ್ತಿಗೊಂದು ದರ ಇಟ್ಟರು. ಅಲ್ಲಿ ನೀರು ಮೇಲಿದೆ, ಬಿಲ್ ಕಟ್ಟೋದು ಕಷ್ಟ ಆಗಲಿಲ್ಲ. ನಮ್ಮ ಸಾವಿರ ಅಡಿಗೆ ಮೀಟರ್ ಹಾಕಿದ್ರೆ ಏನಾಗುತ್ತೆ ಅಂತ ಮೇಲಿನ 21 ಸಾವಿರ ನೋಡಿದ್ರೇ ಗೊತ್ತಾಗುತ್ತೆ.

ಒಲೆಯ ಲೆಕ್ಕ

ಹೊಲದಿಂದ ಮನೆಗೆ ಬಂದ್ರೆ ಅಲ್ಲೂ ಸೀಮೆ ಸೀಮೆಗೂ ವ್ಯತ್ಯಾಸ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರು 1974ರಲ್ಲಿ ಅಸ್ತ್ರ ಅನ್ನೋ ವಿಭಾಗ ಕಟ್ಟಿದ್ರು. ಅವರ ತಂಡ ಕುಣಿಗಲ್ ತಾಲ್ಲೂಕಿನ ಪುರ ಅನ್ನೋ ಹಳ್ಳಿಯಲ್ಲಿ ಮನೆ ಮನೆ ಲೆಕ್ಕ ಹಾಕಿತು. ಊರು ಸುಡೋ ಇಂಧನದಲ್ಲಿ ಬಹುಪಾಲು ಅಡುಗೆ ಸೌದೆ, ಅದನ್ನ ಆಯೋದರಲ್ಲಿ ಹೆಂಗಸರು ಮಕ್ಕಳ ಹೊತ್ತು ಹೋಗ್ತಿತ್ತು ಅಂತ ಗೊತ್ತಾಯ್ತು. ಮೋಟರ್, ದೀಪ ಎಲ್ಲ ಆಮೇಲೆ. ಅದೇ ತಂಡದ ಹೊಗೆ ಕೊಳವೆಯ ಅಸ್ತ್ರ ಒಲೆ ರಾಜ್ಯದ ತುಂಬ ಹೋಯ್ತು. ಪುರದಲ್ಲಿ ಊರ ಸಗಣಿಯೆಲ್ಲ ಸೇರಿಸಿ ಗೋಬರ್ ಗ್ಯಾಸ್ ಮಾಡಿ, ಅದರಿಂದ ಎಂಜಿನ್ ಓಡಿಸಿ ಮನೆಗೆ ದೀಪ, ನಲ್ಲಿಗೆ ನೀರು ಕೊಟ್ಟರು.

ಗೋಬರ್ ಗ್ಯಾಸ್ ಶಿರಸಿ, ಪುತ್ತೂರು ಕಡೆ ಬೇರೂರಿದಷ್ಟು ನಮ್ಮಲ್ಲಿ ಬೇರೂರಲಿಲ್ಲ. ಅಲ್ಲಿ ದನ ಕೊಟ್ಟಿಗೆಯಲ್ಲಿರುತ್ತೆ, ಸಗಣಿ ಒಂದೇ ಕಡೆ ಸಿಗುತ್ತೆ, ಕಲಸೋಕೆ ನೀರಿದೆ. ನಮ್ಮಲ್ಲಿ ಸಗಣಿಯಷ್ಟೇ ನೀರು ಬೇಕು ಅಂದ್ರೆ ಬೇಸಿಗೆಯಲ್ಲಿ ಕೊಡ ಹೊತ್ತ ಅವ್ವ ಒಪ್ಪಲ್ಲ. ನಮ್ಮ ಸೀಮೆಯ ಸಂಪತ್ತು ಕುರಿ. ಹಟ್ಟಿಯವರ ಕುರಿ ಮಂದೆಯನ್ನ ಹೊಲದಲ್ಲಿ ತರುಬಿಸಿದ್ರೆ ಗೊಬ್ಬರ ತಾನಾಗಿ ಹೊಲಕ್ಕೆ ಬೀಳುತ್ತೆ, ಗಾಡಿ ಬಾಡಿಗೆ ಇಲ್ಲ, ಡೀಸೆಲ್ ಇಲ್ಲ. ಇದೂ ಶಕ್ತಿ ಉಳಿತಾಯವೇ, ಯಾವ ಯೋಜನೆಯಲ್ಲೂ ಇದರ ಹೆಸರಿಲ್ಲ. ಒಲೆಗೆ ನಮ್ಮಲ್ಲಿ ಬಳ್ಳಾರಿ ಜಾಲಿ, ತೆಂಗಿನ ಗರಿ, ಮಟ್ಟೆ. ಗ್ಯಾಸ್ ಸಿಲಿಂಡರ್ ಮನೆಮನೆಗೆ ಬಂದಿದೆ, ಆದ್ರೂ ಸ್ನಾನದ ನೀರು ಇನ್ನೂ ಹಂಡೆ ಒಲೆಯಲ್ಲೇ. ಮಲೆನಾಡಿನಲ್ಲಂತೂ ಬಚ್ಚಲ ಒಲೆ ಮಳೆಗಾಲ ಪೂರ್ತಿ ಆರಲ್ಲ. ಮಳೆಗೆ ಮರ ಬಿದ್ದು ವಾರಗಟ್ಟಲೆ ಕರೆಂಟ್ ಇಲ್ಲದ ಅಲ್ಲಿನ ಒಂಟಿ ಮನೆಗಳಲ್ಲಿ ಕೆಲವರು ಹಳ್ಳದ ಅಬ್ಬಿ ನೀರನ್ನ ಪೈಪಿನಲ್ಲಿ ಇಳಿಸಿ ಪುಟ್ಟ ಟರ್ಬೈನ್ ತಿರುಗಿಸಿ ಮನೆ ದೀಪ ಉರಿಸ್ತಾರೆ. ನಮಗೆ ಆ ಭಾಗ್ಯ ಇಲ್ಲ.

ಅಡಿಕೆಯನ್ನೇ ಮತ್ತೆ ನೋಡಿ. ಕರಾವಳಿಯಲ್ಲಿ ಹಣ್ಣಡಿಕೆ ಕೊಯ್ದು ಅಂಗಳದಲ್ಲಿ ಒಂದೂವರೆ ತಿಂಗಳು ಬಿಸಿಲಿಗೆ ಹಾಕ್ತಾರೆ. ಚಾಲಿ. ಬೆಂಕಿ ಬೇಡ, ಅಂಗಳ ಬೇಕು. ಹೊಳಲ್ಕೆರೆ, ಭೀಮಸಮುದ್ರ, ಚನ್ನಗಿರಿ ಕಡೆ ಹಸಿ ಕಾಯಿ ಕೊಯ್ದು, ಸುಲಿದು, ಚೊಗರು ಹಾಕಿ ಬೇಯಿಸಿ ಕೆಂಪಡಿಕೆ ಮಾಡ್ತಾರೆ. ಆರೇಳು ದಿನದಲ್ಲಿ ಒಣಗುತ್ತೆ, ಆದ್ರೆ ಸೌದೆ ಸುಡಬೇಕು, ಸುಲಿಯೋ ಯಂತ್ರಕ್ಕೆ ಕರೆಂಟ್ ಬೇಕು. ಬೆಳೆ ಒಂದೇ, ಒಬ್ಬನಿಗೆ ನೀರೂ ಇಳಿಜಾರಿನದು, ಒಣಗಿಸೋದೂ ಬಿಸಿಲು. ಇನ್ನೊಬ್ಬನಿಗೆ ನೀರಿಗೂ ಯೂನಿಟ್, ಬೇಯಿಸೋಕೂ ಸೌದೆ. ಮಾರ್ಕೆಟ್ ರೇಟ್ ನೋಡುವಾಗ ಇದು ಕಾಣಲ್ಲ. ಬೇಯಿಸೋ ಒಲೆಗೆ ಹೊಗೆ ಕೊಳವೆ ಇಟ್ಟು ಬಾಯಿ ಚಿಕ್ಕದು ಮಾಡಿದ್ರೆ ಸೌದೆ ಉಳಿಯುತ್ತೆ. ರಸ್ತೆ ಬದಿ ಸುರಿಯೋ ಅಡಿಕೆ ಸಿಪ್ಪೆಯನ್ನೇ ಒಣಗಿಸಿ ಉರಿಸಬಹುದು, ಸಗಣಿ ಜೊತೆ ಕೊಳೆಸಿದ್ರೆ ಗೊಬ್ಬರವೂ ಆಗುತ್ತೆ.

ಸೋಲಾರ್ ಪಂಪ್ ಹಾಕಿಸಬೇಕಾ?

ಹಲವರು ಕೇಳೋ ಪ್ರಶ್ನೆ ಇದು. ಪಿಎಂ ಕುಸುಮ್‌ನ ಬಿ ಘಟಕದಲ್ಲಿ ಕೇಂದ್ರದ್ದು 30, ರಾಜ್ಯದ್ದು 50, ರೈತ ಕಟ್ಟೋದು 100ಕ್ಕೆ 20. ಹೊಸ ಬೋರ್ ಲೈನಿನಿಂದ 500 ಮೀಟರ್‌ಗಿಂತ ದೂರ ಇದ್ರೆ ಕಂಬ ಎಳೆಸೋದಕ್ಕಿಂತ ಸೋಲಾರೇ ಹಾದಿ ಅನ್ನೋದು ಈಗ ಸರ್ಕಾರದ ನಿಲುವು ಕೂಡ. ಲೈನ್ ಹತ್ತಿರ ಇದ್ದು, ಹಗಲು ಏಳು ಗಂಟೆ ಕರೆಂಟ್ ಸರಿಯಾಗಿ ಬರ್ತಿದ್ರೆ ಅವಸರ ಬೇಡ. ಅಂಥ ಫೀಡರ್‌ಗಳಿಗೆ ಸಬ್‌ಸ್ಟೇಷನ್ ಪಕ್ಕದಲ್ಲೇ ಸೋಲಾರ್ ಹಾಕಿ ಕರೆಂಟ್ ಕೊಡೋದು ಕುಸುಮ್‌ನ ಸಿ ಘಟಕ. ಅದರಲ್ಲಿ ನಿಮ್ಮ ಮೋಟರ್ ಬದಲಾಯಿಸೋ ಕೆಲಸವೇ ಇಲ್ಲ.

ಬಿ ಘಟಕಕ್ಕೆ ಅರ್ಜಿ ಹಾಕೋದಾದ್ರೆ ಕ್ರೆಡಲ್‌ನ ಸೌರಮಿತ್ರ ಪೋರ್ಟಲ್‌ನಲ್ಲೇ ಹಾಕಿ. ಕುಸುಮ್ ಹೆಸರಲ್ಲಿ ನಕಲಿ ವೆಬ್‌ಸೈಟ್ ಬಹಳ ಇವೆ, ಕೇಂದ್ರ ಇಲಾಖೆಯೇ ಎಚ್ಚರಿಕೆ ಕೊಟ್ಟಿದೆ. ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಒತ್ತಿ "ರಿಜಿಸ್ಟ್ರೇಷನ್ ಫೀ" ಕಳಿಸಬೇಡಿ, ಆಧಾರ್ ಫೋಟೋ ಕೊಡಬೇಡಿ.

ಆಳ ಮಾತ್ರ ಇಲ್ಲೂ ಬಿಡಲ್ಲ. 7.5 ಎಚ್‌ಪಿ ಸೋಲಾರ್ ಪಂಪಿಗೆ ಏಳು ಕಿಲೋವ್ಯಾಟ್ ಹತ್ತಿರ ಪ್ಯಾನಲ್. ಒಳ್ಳೆ ಬಿಸಿಲಿನ ದಿನ 150 ಮೀಟರ್‌ನಿಂದ 30 ಸಾವಿರ ಲೀಟರ್ ಆಸುಪಾಸು ಸಿಗಬಹುದು. 300 ಮೀಟರ್‌ನಿಂದ ಅದರ ಅರ್ಧ. ಬೆಳಿಗ್ಗೆ ಸಂಜೆ ಬಿಸಿಲು ಕಮ್ಮಿ ಇದ್ದಾಗ ಅಷ್ಟು ಆಳದಿಂದ ನೀರು ಮೇಲೆ ಬರೋದೇ ಇಲ್ಲ, ಮೋಟರ್ ಸುಮ್ಮನೆ ತಿರುಗುತ್ತೆ. ಹಾಗಾಗಿ ಆಳದ ಬೋರ್ ಇರೋರು ಕೃಷಿ ಹೊಂಡ ಅಥವಾ ತೊಟ್ಟಿ ಇಲ್ಲದೆ ಸೋಲಾರ್ ನೆಚ್ಚಿಕೊಳ್ಳಬೇಡಿ. ಮಧ್ಯಾಹ್ನದ ನೀರು ಅಲ್ಲಿ ನಿಲ್ಲಲಿ, ಅಲ್ಲಿಂದ ಡ್ರಿಪ್‌ಗೆ ಸಣ್ಣ ಮೋಟರ್ ಸಾಕು. ಪ್ಯಾನಲ್ ಪಕ್ಕ ತೇಗ, ಸಿಲ್ವರ್ ಓಕ್ ನೆಡಬೇಡಿ, ಒಂದು ಮೂಲೆ ನೆರಳು ಬಿದ್ರೂ ಇಡೀ ಸಾಲಿನ ಕರೆಂಟ್ ಕುಸಿಯುತ್ತೆ. ಧೂಳು ಹದಿನೈದು ದಿನಕ್ಕೊಮ್ಮೆ ಒರೆಸಿ, ಬಿಸಿಲೇರಿದ ಮೇಲೆ ತಣ್ಣೀರು ಸುರೀಬೇಡಿ, ಬೆಳಿಗ್ಗೆ ಮಾಡಿ.

ಅಡಿಕೆ ಹಾಕಬೇಕು ಅಂತಿರೋರು ಈ ವರ್ಷ ಇಷ್ಟು ಮಾಡಿ. ಜನವರಿಯಲ್ಲಿ ಒಮ್ಮೆ ಡ್ರಮ್ ಇಟ್ಟು ಸೆಕೆಂಡ್ ಎಣಿಸಿ, ಆಂಪ್ಸ್ ಬರ್ಕೊಳ್ಳಿ, ಫೋಟೋ ತೆಗೆದು ಮೊಬೈಲ್‌ನಲ್ಲಿ ಇಟ್ಕೊಳ್ಳಿ. ಏಪ್ರಿಲ್ ಕೊನೆಗೆ ಮತ್ತೆ ಅದೇ ಡ್ರಮ್, ಅದೇ ಸ್ಟಾಪ್‌ವಾಚ್. ಏಪ್ರಿಲ್‌ನ ಸಂಖ್ಯೆಯನ್ನ ಏಳು ಗಂಟೆಗೆ ಗುಣಿಸಿ, 10 ಸಾವಿರದಿಂದ ಭಾಗಿಸಿ. ಎಷ್ಟು ಬರುತ್ತೋ ಅಷ್ಟು ಎಕರೆಗೆ ಮಾತ್ರ ನಿಮ್ಮ ಬೋರ್‌ನಲ್ಲಿ ನೀರಿದೆ, ಅದೂ ಈ ವರ್ಷಕ್ಕೆ. ಸಸಿಗೆ ಅಡ್ವಾನ್ಸ್ ಅದಾದ ಮೇಲೆ ಕೊಡಿ.